ರಿಲೀಸ್ ಮಾತು ಕೇಳ್ತಿಲ್ವಾ? ಕಾಂಪೌಂಡ್ ಬಿಲ್ಲಿನ ಟ್ರಿಗರ್ ದೋಷ ಹುಡುಕುವ ಕೈಪಿಡಿ

ಮೈಸೂರು, ಮಂಡ್ಯದ ಕಡೆ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಚಕ್ರವಿರುವ ಬಿಲ್ಲು) ಶುರು ಮಾಡುವವರ ಮೊದಲ ರಿಲೀಸ್, ಅಂದರೆ ಸ್ಟ್ರಿಂಗ್ ಹಿಡಿದೆಳೆದು ಬಿಡುವ ಸಾಧನ, ಹೆಚ್ಚುಕಮ್ಮಿ ಒಂದೇ ತರದ್ದು. ಮಣಿಕಟ್ಟಿಗೆ ಕಟ್ಟುವ ಪಟ್ಟಿ, ತೋರುಬೆರಳಿಗೆ ಟ್ರಿಗರ್, ಡಬ್ಬಿಯ ಮೇಲೆ ‘ಹಂಟಿಂಗ್’ ಅನ್ನುವ ಬರಹ. ಬಿಲ್ಲಿನ ಸೆಟ್ ಜೊತೆಗೇ ಬಂದಿರುತ್ತದೆ. ಸ್ವಲ್ಪ ದಿನ ಚೆನ್ನಾಗಿ ನಡೆದು, ಆಮೇಲೆ ಬಾಣ ಚದುರಲು ಶುರುವಾಗುತ್ತದೆ. ಆಗ ಮೈದಾನದಲ್ಲಿ ಯಾರನ್ನು ಕೇಳಿದರೂ ಸಲಹೆ ಒಂದೇ: “ಅದು ಬೇಟೆ ರಿಲೀಸು, ಬಿಸಾಕಿ. ಟಾರ್ಗೆಟ್‌ದು ತಗೊಳ್ಳಿ.”

ಸ್ವಲ್ಪ ತಡೆಯಿರಿ. ರಿಲೀಸ್ ಮೇಲೆ ಹೊರಿಸುವ ತಪ್ಪು ಬಹಳ ಸಲ ಡಿ-ಲೂಪ್‌ನಲ್ಲಿ (ರಿಲೀಸ್ ಸಿಕ್ಕಿಸಲು ಸ್ಟ್ರಿಂಗ್‌ಗೆ ಕಟ್ಟಿದ ಪುಟ್ಟ ದಾರದ ಕುಣಿಕೆ) ಇರುತ್ತದೆ, ಪಟ್ಟಿಯ ಉದ್ದದಲ್ಲಿ ಇರುತ್ತದೆ, ಇಲ್ಲವೇ ನಮ್ಮ ಬೆರಳಿನಲ್ಲೇ ಇರುತ್ತದೆ. ಇವನ್ನು ಸರಿಮಾಡಲು ದುಡ್ಡು ಹೆಚ್ಚು ಬೇಡ. ಹೊಸ ರಿಲೀಸ್ ತಂದರೆ ಹಳೆ ದೋಷ ಅದರ ಜೊತೆಗೂ ಬರುತ್ತದೆ, ಅಷ್ಟೆ.

‘ಹಂಟಿಂಗ್’ ಎನ್ನುವ ಹಣೆಪಟ್ಟಿ ಬೇರೆ ದೇಶದ್ದು. ಅಮೆರಿಕದ ರಾಜ್ಯಗಳಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯಲು ಲೈಸೆನ್ಸ್ ಇದೆ, ಸೀಸನ್ ಇದೆ. ಅಲ್ಲಿಯವನು ಚಳಿಗೆ ಗ್ಲೌಸ್ ಹಾಕಿಕೊಂಡು, ಮರದ ಮೇಲಿನ ಅಟ್ಟಣೆಯಲ್ಲಿ ಕೂತಿರುತ್ತಾನೆ. ರಿಲೀಸ್ ಕೈಯಿಂದ ಜಾರಿ ಕೆಳಗೆ ಬೀಳಬಾರದು, ಸದ್ದಾಗಬಾರದು, ಬೇಕೆಂದ ಗಳಿಗೆಗೆ ಬಿಡಬೇಕು. ಅದಕ್ಕೇ ಮಣಿಕಟ್ಟಿನ ಪಟ್ಟಿ, ಅದಕ್ಕೇ ಬೆರಳಿನ ಟ್ರಿಗರ್. ಟಾರ್ಗೆಟ್ ಹೊಡೆಯುವವರ ಕಷ್ಟವೇ ಬೇರೆ. 50 ಮೀಟರ್ ದೂರ, 80 ಸೆಂಟಿಮೀಟರ್ ಮುಖ (ಗುರಿಯ ಹಾಳೆ), ಹತ್ತರ ವೃತ್ತ 8 ಸೆಂಟಿಮೀಟರ್. ಒಂದಲ್ಲ, 72 ಬಾಣ, ಅಷ್ಟೂ ಒಂದೇ ತರ ಹೋಗಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದೇ ಕಾಯ್ದೆಯ ಕಣ್ಣಲ್ಲಿ ಬಿಲ್ಲು ಬಾಣವೂ ಆಯುಧವೇ. ನಾಗರಹೊಳೆ, ಬಂಡೀಪುರ ಬಿಡಿ, ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಕೂಡ ಅಭಯಾರಣ್ಯ. ಕಾರಿನ ಡಿಕ್ಕಿಯಲ್ಲಿ ಬಿಲ್ಲಿಟ್ಟುಕೊಂಡು “ಸುಮ್ನೆ ಒಂದು ರೌಂಡ್” ಅಂತ ಆ ಕಡೆ ಹೋಗಬೇಡಿ.

ಇನ್ನೊಂದು ಮಾತು. ನೀವು ರಿಕರ್ವ್ ಅಥವಾ ಇಂಡಿಯನ್ ರೌಂಡ್‌ನ ಬಿದಿರು ಬಿಲ್ಲು ಹೊಡೆಯುವವರಾದರೆ ಈ ಬರಹ ನಿಮಗಲ್ಲ. ಆ ಎರಡರಲ್ಲೂ ಬೆರಳಿಗೆ ಟ್ಯಾಬ್ (ಬೆರಳು ಕಾಯುವ ತುಂಡು), ಅಷ್ಟೇ. ರಿಲೀಸ್ ಕೊಂಡು ದುಡ್ಡು ಕಳೆಯಬೇಡಿ.

ಯಾವ ಲಕ್ಷಣವಿದ್ದರೂ ಮೊದಲು ಹಗ್ಗ

ಬಿಲ್ಲನ್ನು ಪಕ್ಕಕ್ಕಿಡಿ. ಗಟ್ಟಿ ನೈಲಾನ್ ದಾರ ಒಂದೆರಡು ಮಾರು ತಗೊಂಡು ಕುಣಿಕೆ ಮಾಡಿ. ಒಂದು ತುದಿ ಬಿಲ್ಲು ಹಿಡಿಯುವ ಕೈಯ ಹೆಬ್ಬೆರಳಿನ ಸಂದಿನಲ್ಲಿರಬೇಕು, ಇನ್ನೊಂದು ತುದಿಗೆ ರಿಲೀಸ್ ಸಿಕ್ಕಿಸಿ ಎಳೆದರೆ ನಿಮ್ಮ ಕೈ ಸರಿಯಾಗಿ ಆಂಕರ್‌ಗೆ, ಅಂದರೆ ದವಡೆಯ ಹತ್ತಿರ ಬರಬೇಕು. ಉದ್ದ ಹೊಂದುವವರೆಗೆ ಗಂಟು ಬದಲಿಸುತ್ತಾ ಹೋಗಿ.

ಈ ಹಗ್ಗದಲ್ಲೂ ರಿಲೀಸ್ ತಾನಾಗಿ ಬಿಟ್ಟುಕೊಂಡರೆ ದೋಷ ಯಂತ್ರದಲ್ಲಿದೆ, ಅಥವಾ ಅದರ ಸ್ಕ್ರೂನಲ್ಲಿ. ಹಗ್ಗದಲ್ಲಿ ಚೆನ್ನಾಗಿದ್ದು ಬಿಲ್ಲಿನಲ್ಲಿ ಮಾತ್ರ ತೊಂದರೆ ಕೊಟ್ಟರೆ ಡಿ-ಲೂಪ್, ಬಿಲ್ಲಿನ ತೂಕ (ಎಳೆಯಲು ಬೇಕಾದ ಬಲ), ಇಲ್ಲವೇ ನಿಮ್ಮ ಕೈ ನೋಡಬೇಕು. ಅರ್ಧ ಪತ್ತೆದಾರಿಕೆ ಇಲ್ಲೇ ಮುಗಿಯಿತು. ಆದರೂ ಹಗ್ಗದ ಪರೀಕ್ಷೆ ಮಾಡುವವರು ಕಮ್ಮಿ. ನೋಡೋಕೆ ಚೆಂದ ಇಲ್ಲ ಅಂತಲೋ ಏನೋ.

ಬಿಲ್ಲಿನ ಮೇಲೆ ಪರೀಕ್ಷೆ ಮಾಡುವಾಗ ಬಾಣ ಇಲ್ಲದೆ ಎಳೆಯಲೇಬೇಡಿ. ರಿಲೀಸ್ ನಂಬಿಕೆಗೆ ಅರ್ಹವೋ ಅಂತ ನೋಡುತ್ತಿರುವಾಗಲಂತೂ ಖಂಡಿತ ಬೇಡ. ಬಾಣವಿಲ್ಲದೆ ಸ್ಟ್ರಿಂಗ್ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್ (ಬಿಲ್ಲಿನ ಬಾಗುವ ತೋಳು) ಮತ್ತು ಕ್ಯಾಮ್ (ತುದಿಯ ಚಕ್ರ) ಮೇಲೆ ಬೀಳುತ್ತದೆ. ಲಿಂಬ್ ಸೀಳಬಹುದು, ಸ್ಟ್ರಿಂಗ್ ಕಳಚಿ ಮುಖಕ್ಕೆ ಬಡಿಯಬಹುದು.

“ಟ್ರಿಗರ್ ಮುಟ್ಟೇ ಇಲ್ಲ, ಬಾಣ ಹೋಗ್ಬಿಡ್ತು!”

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಒಂದು ಸಲ ಆದರೂ ಅವತ್ತಿನ ಶೂಟಿಂಗ್ ನಿಲ್ಲಿಸಿ, ಕಾರಣ ಹುಡುಕಿ.

ಎಲ್ಲರಿಗಿಂತ ಮೊದಲು ಬೆರಳನ್ನು ವಿಚಾರಿಸಿ. ಬಿಲ್ಲು ಎಳೆಯುವಾಗ ತೋರುಬೆರಳು ಟ್ರಿಗರ್ ಮೇಲೆ ಇತ್ತಾ? ತುಂಬಾ ಜನಕ್ಕೆ ಅದು ಅಲ್ಲೇ ಇದ್ದದ್ದು ಗೊತ್ತೇ ಆಗಿರುವುದಿಲ್ಲ. ಗೆಳೆಯರಿಗೆ ಫೋನ್ ಕೊಟ್ಟು ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ಹಿಡಿಯಲು ಹೇಳಿ. ಎಳೆಯುವಾಗ ಬೆರಳು ಟ್ರಿಗರ್‌ನ ಹಿಂದುಗಡೆ ಇರಬೇಕು, ಆಂಕರ್‌ಗೆ ಬಂದು ಗುರಿ ಕೂತ ಮೇಲೆ ಮಾತ್ರ ಮುಂದಕ್ಕೆ ಬರಬೇಕು. ಹೆಬ್ಬೆರಳಿನ ಬಟನ್ ಇರುವ ರಿಲೀಸ್ ಆದರೂ ಇದೇ ನಿಯಮ.

ಎರಡನೆಯದು ಹುಕ್ ಪೂರ್ತಿ ಕೂತಿದೆಯಾ ಅನ್ನುವುದು. ಒಳಗೆ ಎರಡು ಪುಟ್ಟ ಲೋಹದ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತವೆ. ಟ್ರಿಗರ್ ಒತ್ತಿದಾಗ ಆ ಕಚ್ಚು ಬಿಡುತ್ತದೆ. ಹುಕ್ ಮುಚ್ಚಿದಂತೆ ಕಂಡರೂ ಕಚ್ಚು ಅರ್ಧ ಮಾತ್ರ ಸಿಕ್ಕಿದ್ದರೆ, ಅರ್ಧ ಎಳೆದಾಗ ಅದು ಬಿಟ್ಟುಕೊಳ್ಳುತ್ತದೆ. ಆಗ ನಿಮ್ಮ ಮುಷ್ಟಿ ನಿಮ್ಮದೇ ಮೂತಿಗೆ. ಪ್ರತಿ ಸಲ ಡಿ-ಲೂಪ್‌ಗೆ ಸಿಕ್ಕಿಸಿದ ಮೇಲೆ ಒಂದು ಸಣ್ಣ ಜಗ್ಗು ಕೊಟ್ಟು, ಹುಕ್ ಕಡೆ ಕಣ್ಣು ಹಾಯಿಸಿ, ಆಮೇಲೆ ಎಳೆಯಿರಿ. ಧೂಳು, ಡಿ-ಲೂಪ್‌ನ ನೂಲು ಒಳಗೆ ಸಿಕ್ಕಿಕೊಂಡಿದ್ದರೂ ಕಚ್ಚು ಪೂರ್ತಿ ಕೂರುವುದಿಲ್ಲ. ಆಷಾಢದ ಗಾಳಿಯಲ್ಲಿ ಮಣ್ಣಿನ ಮೈದಾನದಲ್ಲಿ ಹೊಡೆದು ಬಂದಿದ್ದರೆ ಇದನ್ನೇ ಮೊದಲು ಅನುಮಾನಿಸಿ.

ಮೂರನೆಯದು ಸ್ಕ್ರೂ. ಟ್ರಿಗರ್ ತುಂಬಾ ಹಗುರ ಮಾಡಿದ್ದರೆ ಲೋಹದ ಕಚ್ಚು ಕೂದಲೆಳೆಯಷ್ಟೇ ಉಳಿದಿರುತ್ತದೆ. ಸಣ್ಣ ಕುಲುಕಾಟಕ್ಕೂ ಬಿಡುತ್ತದೆ. ಟ್ರಿಗರ್ ಎಷ್ಟು ದೂರ ಚಲಿಸಬೇಕು ಅನ್ನುವುದಕ್ಕೂ ಎಷ್ಟು ಒತ್ತಡ ಬೇಕು ಅನ್ನುವುದಕ್ಕೂ ಹಲವು ಮಾಡೆಲ್‌ಗಳಲ್ಲಿ ಬೇರೆ ಬೇರೆ ಸ್ಕ್ರೂ ಇರುತ್ತವೆ. ಯಾವುದು ಯಾವ ಕಡೆ ತಿರುಗಿದರೆ ಗಟ್ಟಿ ಅಂತ ಅದರ ಚೀಟಿ ನೋಡಿಯೇ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಪ್ರತಿ ಸಲವೂ ಹಗ್ಗದಲ್ಲಿ ಪರೀಕ್ಷೆ. ಸರಿಯಾದ ಮೇಲೆ ಸ್ಕ್ರೂ ತಲೆಯಿಂದ ರಿಲೀಸಿನ ಮೈಗೆ ದಾಟುವ ಹಾಗೆ ನೇಲ್ ಪಾಲಿಷ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ತಾನಾಗಿ ತಿರುಗಿದೆ ಅಂತ ಅರ್ಥ.

ಹಿಂಜ್ ರಿಲೀಸ್‌ನ ಕತೆ ಬೇರೆ. ಅದಕ್ಕೆ ಟ್ರಿಗರ್ರೇ ಇಲ್ಲ. ಕೈಯಲ್ಲಿ ಅದು ಸ್ವಲ್ಪ ತಿರುಗಿದಾಗ ಒಳಗಿನ ಅರ್ಧಚಂದ್ರದ ಅಂಚಿನಿಂದ ಹುಕ್ ಜಾರಿ ಬಿಡುತ್ತದೆ. ಎಳೆಯುವಾಗ ಭಾರವನ್ನು ತೋರುಬೆರಳು, ಹೆಬ್ಬೆರಳಿನ ಕಡೆ ಇಟ್ಟುಕೊಳ್ಳಬೇಕು. ಉಂಗುರಬೆರಳಿನಿಂದ ಎಳೆದರೆ ಎಳೆಯುತ್ತಿರುವಾಗಲೇ ತಿರುಗಿ ಬಿಟ್ಟುಕೊಳ್ಳುತ್ತದೆ. ಹೊಸಬರು ಅರ್ಧಚಂದ್ರವನ್ನು ನಿಧಾನದ ಕಡೆಗೆ ಸೆಟ್ ಮಾಡಿಕೊಂಡು, ವಾರಗಟ್ಟಲೆ ಹಗ್ಗದಲ್ಲೇ ಕಲಿಯುವುದು ಕ್ಷೇಮ.

ಬೆನ್ನಿನ ಎಳೆತಕ್ಕೆ ಬಿಡುವ ಟೆನ್ಷನ್ ರಿಲೀಸ್‌ನಲ್ಲಿ ಇದೇ ಲಕ್ಷಣ ಕಂಡರೆ ಲೆಕ್ಕ ಹಾಕಿ ನೋಡಿ. 60 ಪೌಂಡ್ ಬಿಲ್ಲು, 80 ಪರ್ಸೆಂಟ್ ಲೆಟ್-ಆಫ್ ಅಂದರೆ ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವ ಭಾರ 12 ಪೌಂಡ್. ರಿಲೀಸನ್ನು ಅದಕ್ಕಿಂತ ಕೆಲವು ಪೌಂಡ್ ಜಾಸ್ತಿಗೆ, 16ಕ್ಕೆ ಅಂತಿಟ್ಟುಕೊಳ್ಳಿ, ಸೆಟ್ ಮಾಡಿದ್ದೀರಿ. ಆಮೇಲೆ ಯಾರೋ ಬಿಲ್ಲಿನ ಮಾಡ್ಯೂಲ್ (ಕ್ಯಾಮ್‌ಗೆ ಕೂರಿಸುವ ತುಂಡು) ಬದಲಿಸಿ ಲೆಟ್-ಆಫ್ 65 ಪರ್ಸೆಂಟ್ ಮಾಡಿದರು. ಈಗ ಕೈಯಲ್ಲಿರುವುದು 21 ಪೌಂಡ್. ಸೇಫ್ಟಿ (ರಿಲೀಸ್ ಬಿಡದಂತೆ ತಡೆಯುವ ಗುಂಡಿ) ಬಿಟ್ಟ ತಕ್ಷಣ ಬಾಣ ಹಾರುತ್ತದೆ. ರಿಲೀಸ್ ಕೆಟ್ಟಿಲ್ಲ, ಬಿಲ್ಲು ಬದಲಾಗಿದೆ. ಬಿಲ್ಲಿನ ತೂಕ, ಮಾಡ್ಯೂಲ್ ಏನೇ ಮುಟ್ಟಿದರೂ ಈ ರಿಲೀಸ್ ಮತ್ತೆ ಸೆಟ್ ಮಾಡಬೇಕು.

ಇಷ್ಟೆಲ್ಲ ನೋಡಿಯೂ ಹಗ್ಗದಲ್ಲಿ ಮತ್ತೆ ತಾನಾಗಿ ಬಿಟ್ಟರೆ ಒಳಗಿನ ಅಂಚು ಸವೆದಿದೆ. ಅಗ್ಗದ ರಿಲೀಸ್ ಆದರೆ ರಿಪೇರಿಗೆ ಕೊಡುವುದು ದಂಡ. ಅರ ಹಿಡಿದು ತಿಕ್ಕುವ ಸಾಹಸವಂತೂ ಬೇಡ. ಮಾರಲೂ ಬೇಡಿ, ಇನ್ನೊಬ್ಬರ ಹಲ್ಲು ಹೋಗುತ್ತದೆ.

ಈ ಎಲ್ಲ ಪರೀಕ್ಷೆ ನಡೆಯುವಾಗ ಬಾಣದ ಮೊನೆ ಸದಾ ಗುರಿಯ ಮಟ್ಟದಲ್ಲೇ ಇರಲಿ. ಬಿಲ್ಲು ಭಾರ ಅಂತ ಮೊನೆಯನ್ನು ಆಕಾಶಕ್ಕೆ ಎತ್ತಿ ಎಳೆಯುವ ಚಾಳಿ ಕೆಲವರಿಗಿದೆ. ಆ ಕೋನದಲ್ಲಿ ತಪ್ಪಿ ಬಿಟ್ಟ ಬಾಣ ಫರ್ಲಾಂಗು ದಾಟಿ ಹೋಗುತ್ತದೆ. ಬಡಾವಣೆಯ ಪಾರ್ಕು, ಮನೆ ಟೆರೇಸು, ಕಬ್ಬಿನ ಗದ್ದೆಯ ಬದು, ಯಾವುದೂ ಇದಕ್ಕೆ ಜಾಗವಲ್ಲ. ಕಬ್ಬಿನ ಒಳಗೆ ಯಾರು ಸೋಗೆ ತರಿಯುತ್ತಿದ್ದಾರೋ ಹೊರಗಿನಿಂದ ಕಾಣುವುದಿಲ್ಲ.

“ಒತ್ತಿದರೂ ಬಿಡ್ತಾ ಇಲ್ಲ”

ಪೂರ್ತಿ ಎಳೆದು ನಿಂತಿದ್ದೀರಿ, ರಿಲೀಸ್ ಬಿಡುತ್ತಿಲ್ಲ. ಗಾಬರಿಯಿಂದ ಜೋರಾಗಿ ಒತ್ತಲು ಹೋಗಬೇಡಿ. ಬೆರಳನ್ನು ಟ್ರಿಗರ್‌ನಿಂದ ತೆಗೆಯಿರಿ, ಬಾಣ ಗುರಿಯ ಕಡೆಗೇ ಇಟ್ಟು ನಿಧಾನವಾಗಿ ಬಿಲ್ಲು ಇಳಿಸಿ. ಬಿಲ್ಲು ಇಳಿಸಲು ಬಾರದವರು ಟೆನ್ಷನ್ ರಿಲೀಸ್ ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ.

ಕೆಳಗಿಳಿಸಿದ ಮೇಲೆ ಮೊದಲು ಸೇಫ್ಟಿ ನೋಡಿ. ನಗಬೇಡಿ, ಎಷ್ಟೋ ಸಲ ಅದೇ. ಆಮೇಲೆ ಒಳಗಿನ ಕೊಳೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಡ್ಸ್‌ನಿಂದ ಒರೆಸಿ. ಒಣಗಿದ ಮೇಲೆ ಗ್ರಾಫೈಟ್ ಪುಡಿಯಂಥ ಒಣ ಲೂಬ್ರಿಕೆಂಟ್ ಚೂರೇ ಚೂರು. ಹೊಲಿಗೆ ಮಷಿನ್ ಎಣ್ಣೆ ಸುಲಭವಾಗಿ ಸಿಗುತ್ತದೆ, ಹಾಕಿದ ದಿನ ರಿಲೀಸ್ ಬೆಣ್ಣೆಯಂತೆ ಓಡುತ್ತದೆ, ಮಾರನೇ ವಾರ ಅದೇ ಎಣ್ಣೆ ಮೈದಾನದ ಧೂಳನ್ನೆಲ್ಲ ಹಿಡಿದು ಕಪ್ಪು ಮಡ್ಡಿಯಾಗುತ್ತದೆ. ಕೊಬ್ಬರಿ ಎಣ್ಣೆ ಇನ್ನೂ ಕೆಟ್ಟದ್ದು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಲು ಶುರು. ಡಿಸೆಂಬರ್ ಬೆಳಿಗ್ಗೆ ಮೈಸೂರಿನಲ್ಲಿ ಬಾಟಲಿಯ ಎಣ್ಣೆ ಏನಾಗಿರುತ್ತದೆ ಅಂತ ಬಚ್ಚಲುಮನೆಗೆ ಹೋಗಿ ನೋಡಿ, ಟ್ರಿಗರ್ ಒಳಗೂ ಅದೇ ಆಗಿರುತ್ತದೆ.

ಮಳೆಯಲ್ಲಿ ನೆನೆದ ರಿಲೀಸನ್ನು ಒರೆಸದೆ ಬ್ಯಾಗಿಗೆ ಹಾಕಿದ್ದರೆ ಸ್ಪ್ರಿಂಗ್ ತುಕ್ಕು ಹಿಡಿದಿರಬಹುದು. ಹುಕ್ ತಾನಾಗಿ ಹಿಂದಕ್ಕೆ ಬರದಿದ್ದರೆ ಅದೇ ಗುರುತು. ಸ್ಪ್ರಿಂಗ್ ಬದಲಿಸಲು ಬಾಡಿ ಬಿಚ್ಚಬೇಕು. ಒಳಗಿನ ತುಂಡುಗಳು ತೀರಾ ಸಣ್ಣವು. ಚೀಟಿಯಲ್ಲಿ ಬಿಚ್ಚುವ ವಿಧಾನ ಕೊಟ್ಟಿಲ್ಲದಿದ್ದರೆ ಬಿಚ್ಚಬೇಡಿ.

“ಡಿ-ಲೂಪ್ ನೂಲು ನೂಲಾಗಿದೆ”

ಸವೆತ ಬೇಗ ಬರುತ್ತಿದೆ ಅಂದರೆ ರಿಲೀಸ್‌ನ ದವಡೆಯಲ್ಲಿ (ಡಿ-ಲೂಪ್ ಹಿಡಿಯುವ ಇಕ್ಕಳದಂಥ ಬಾಯಿ) ಎಲ್ಲೋ ಗೀರು ಇದೆ. ಒಂದು ಚೂರು ಹತ್ತಿ ತಗೊಂಡು ದವಡೆಯ ಒಳಮೈ ಮೇಲೆ ಹಗುರವಾಗಿ ಎಳೆಯಿರಿ. ಕಣ್ಣಿಗೆ ಕಾಣದ ಗೀರೂ ಹತ್ತಿಯ ಎಳೆಯನ್ನು ಹಿಡಿದುಕೊಳ್ಳುತ್ತದೆ. ದವಡೆ ಇರುವ ಅಗ್ಗದ ಹಂಟಿಂಗ್ ರಿಲೀಸ್‌ಗಳಲ್ಲಿ ಇದು ಜಾಸ್ತಿ, ತೆರೆದ ಹುಕ್ ಇರುವವುಗಳಲ್ಲಿ ಕಮ್ಮಿ. ತೀರಾ ನಯವಾದ ಎಮೆರಿ ಪೇಪರ್‌ನಿಂದ ಆ ಗೀರನ್ನಷ್ಟೇ ನಯ ಮಾಡಬಹುದು. ಒಳಗಿನ ಕಚ್ಚು ಕೂರುವ ಜಾಗ ಮುಟ್ಟಬೇಡಿ.

ಲೂಪ್ ಮೇಲೆ ನೂಲು ಎದ್ದಿದ್ದರೆ, ಒಂದು ಕಡೆ ಚಪ್ಪಟೆಯಾಗಿದ್ದರೆ, ತುದಿಯ ಕರಗಿಸಿದ ಗುಂಡು ಸಣ್ಣದಾಗಿ ಗಂಟಿನ ಒಳಗೆ ನುಸುಳುತ್ತಿದ್ದರೆ, ಬದಲಿಸಿ. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಪೂರ್ತಿ ಎಳೆದಾಗ ಅದು ಹರಿದರೆ ಮುಖಕ್ಕೂ ಪೆಟ್ಟು, ಬಿಲ್ಲಿಗೂ ಪೆಟ್ಟು. ಬದಲಿ ದಾರ ಬಿಲ್ಲಿಗೆಂದೇ ಮಾಡಿದ ಲೂಪ್ ದಾರವೇ ಆಗಿರಲಿ. ಡಿ-ಲೂಪ್ ಇಲ್ಲದೆ ನೇರ ಸ್ಟ್ರಿಂಗ್‌ಗೇ ರಿಲೀಸ್ ಸಿಕ್ಕಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಸ್ಟ್ರಿಂಗ್ ಕಾಯಲು ಸುತ್ತಿದ ದಾರ, ಅಂದರೆ ಸರ್ವಿಂಗ್, ಬೇಗ ಸವೆಯುತ್ತದೆ. ಲೂಪ್ ಬೆಲೆ ಎಲ್ಲಿ, ಸ್ಟ್ರಿಂಗ್ ಬೆಲೆ ಎಲ್ಲಿ!

“ಒಂದು ಎಡಕ್ಕೆ, ಒಂದು ಬಲಕ್ಕೆ”

ಬಾಣಗಳು ಒತ್ತೊತ್ತಾಗಿ ಕೂತು, ಇಡೀ ಗುಂಪೇ ಪಕ್ಕಕ್ಕೆ ಸರಿದಿದ್ದರೆ ಅದು ಸೈಟ್ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನ) ವಿಷಯ, ರಿಲೀಸ್‌ದಲ್ಲ. ಚದುರಿದ್ದರೆ ಮುಂದೆ ಓದಿ.

ಮಣಿಕಟ್ಟಿನ ಪಟ್ಟಿ ನೋಡಿ. ವೆಲ್ಕ್ರೊ ಹಳತಾದರೆ ಪ್ರತಿ ಎಳೆತಕ್ಕೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಪಟ್ಟಿ ಕಟ್ಟಿದ ಜಾಗದಲ್ಲಿ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಹತ್ತು ಹನ್ನೆರಡು ಬಾಣದ ಮೇಲೆ ನೋಡಿ. ಗುರುತಿನಿಂದ ಪಟ್ಟಿ ದೂರ ಹೋಗಿದ್ದರೆ ನಿಮ್ಮ ಆಂಕರ್ ಕೂಡ ಅಷ್ಟೇ ದೂರ ಹೋಗಿದೆ. ಬಕಲ್ ಇರುವ ಪಟ್ಟಿ ಪ್ರತಿದಿನ ಅದೇ ತೂತಿಗೆ ಕೂರುತ್ತದೆ. ಹಳೆ ಪಟ್ಟಿಗೆ ಬಕಲ್ ಹೊಲಿಸಲು ಚಪ್ಪಲಿ ಹೊಲಿಯುವವರ ಹತ್ತಿರ ಹೋದರೆ ಆಯಿತು, ರಿಲೀಸ್ ಬದಲಿಸಬೇಕಾಗಿಲ್ಲ.

ಮುಂದಿನದು ಉದ್ದ. ಟ್ರಿಗರ್‌ಗೆ ಬೆರಳಿನ ತುದಿ ಮಾತ್ರ ತಾಗುತ್ತಿದ್ದರೆ ಪಟ್ಟಿಯಿಂದ ಟ್ರಿಗರ್‌ವರೆಗಿನ ದೂರ ಜಾಸ್ತಿ ಇದೆ. ತುದಿಬೆರಳಿಗೆ ಸೂಕ್ಷ್ಮ ಜಾಸ್ತಿ, ಚುರುಕು ಜಾಸ್ತಿ, ಅದು ಟ್ರಿಗರನ್ನು ಜಗ್ಗುತ್ತದೆ. ಮೊದಲ ಅಥವಾ ಎರಡನೇ ಗೆಣ್ಣಿನ ಹತ್ತಿರ ಬೆರಳು ಕೊಕ್ಕೆಯಂತೆ ಸುತ್ತುವಷ್ಟು ಗಿಡ್ಡ ಮಾಡಿ. ಹಂಟಿಂಗ್ ರಿಲೀಸ್ ಬಗ್ಗೆ ನಾನು ಕೇಳಿದ ದೂರುಗಳಲ್ಲಿ ಇದೊಂದರಿಂದಲೇ ಸರಿಹೋಗುವಂಥವು ಸುಮಾರು.

ಕೊನೆಗೆ ತಿರುಚುವಿಕೆ. ಪೂರ್ತಿ ಎಳೆದಾಗ ಹಿಂದಿನಿಂದ ಫೋಟೊ ತೆಗೆಸಿ. ಡಿ-ಲೂಪ್ ನೇರ ನಿಂತಿದೆಯಾ, ಕೈಯ ಜೊತೆ ತಿರುಗಿದೆಯಾ? ತಿರುಗಿದ್ದರೆ ಪೀಪ್ (ಗುರಿ ನೋಡಲು ಸ್ಟ್ರಿಂಗ್‌ನಲ್ಲಿ ಕೂರಿಸಿದ ತೂತು) ಕೂಡ ಓರೆಯಾಗುತ್ತದೆ. ಕೈಯಲ್ಲಿ ಹಿಡಿಯುವ ಟಾರ್ಗೆಟ್ ರಿಲೀಸ್‌ನಲ್ಲೂ ಇದು ಆಗುತ್ತದೆ, ಅಂಗೈಯ ಕೋನ ಬಾಣಬಾಣಕ್ಕೆ ಬದಲಾದರೆ. ಕೈ ಬದಲಿಸದೆ ರಿಲೀಸ್ ಬದಲಿಸಿದರೆ ಏನೂ ಉಪಯೋಗವಿಲ್ಲ.

“ಹಳದಿ ಕಂಡ ಕೂಡಲೇ ಬೆರಳು ತಾನಾಗಿ ಜಗ್ಗತ್ತೆ”

ಇದಕ್ಕೆ ಎಲ್ಲರೂ ಹೇಳುವ ಹೆಸರು ಟಾರ್ಗೆಟ್ ಪ್ಯಾನಿಕ್. ಗುರುತು: ಖಾಲಿ ಬೇಲ್‌ಗೆ (ಬಾಣ ನಾಟುವ ದಪ್ಪ ದಿಂಡು) ಹೊಡೆದರೆ ಆರಾಮ, ಮುಖ ಅಂಟಿಸಿದ ಕೂಡಲೇ ಬೆರಳು ಕುಟುಕುತ್ತದೆ. ಇನ್ನು ಕೆಲವರಿಗೆ ಉಲ್ಟಾ, ಸೈಟ್‌ನ ಪಿನ್ ಮುಖದ ನಡುವಿನ ಹಳದಿಯ ಕೆಳಗೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಮೇಲೆ ಬರುವುದೇ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಹಗ್ಗಕ್ಕೇ ಬನ್ನಿ. ಹಗ್ಗ ಹಿಡಿದು ಕಣ್ಣು ಮುಚ್ಚಿ ಹತ್ತು ಸಲ ಬಿಡಿ. ಆಮೇಲೆ ಗೋಡೆಯ ಮೇಲೆ ಒಂದು ಚುಕ್ಕಿ ನೋಡುತ್ತಾ ಹತ್ತು ಸಲ. ಚುಕ್ಕಿ ಬಂದಾಗ ಮಾತ್ರ ಬೆರಳು ಎಗರಿದರೆ ರಿಲೀಸ್ ನಿರಪರಾಧಿ.

ಬೇಟೆಯ ರಿಲೀಸಿಗೂ ಟಾರ್ಗೆಟ್ ರಿಲೀಸಿಗೂ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲೇ. “ಈಗ!” ಅಂತ ಬಿಡಲು ಮಾಡಿದ ಟ್ರಿಗರ್ ಬೆರಳಿಗೆ “ಈಗ!” ಅನ್ನುವುದನ್ನೇ ಕಲಿಸುತ್ತದೆ. ಹಿಂಜ್ ಮತ್ತು ಟೆನ್ಷನ್ ರಿಲೀಸ್ ಯಾವ ಕ್ಷಣಕ್ಕೆ ಬಿಡುತ್ತವೆ ಅಂತ ಹೊಡೆಯುವವರಿಗೇ ಖಚಿತವಾಗಿ ಗೊತ್ತಿರುವುದಿಲ್ಲ, ಹಾಗಾಗಿ ಕೈ ಮುಂಚಿತವಾಗಿ ಬೆಚ್ಚುವುದಿಲ್ಲ. ಆದರೆ ರಿಲೀಸ್ ಬದಲಿಸಿದ ಮಾತ್ರಕ್ಕೆ ಗುಣವಾಗುವುದಿಲ್ಲ. ಹಿಂಜನ್ನೂ ಮಣಿಕಟ್ಟು ತಿರುಗಿಸಿ ಜಗ್ಗಿ ಬಿಡುವವರು ಇದ್ದಾರೆ.

ಮೊದಲು ಖರ್ಚಿಲ್ಲದ ಮದ್ದು ಮಾಡಿ. ನಿಮ್ಮ ಈಗಿನ ರಿಲೀಸಿನ ಟ್ರಿಗರ್ ಸ್ವಲ್ಪ ಭಾರ ಮಾಡಿ. ಹೌದು, ಹಗುರ ಅಲ್ಲ, ಭಾರ. ಬೆರಳನ್ನು ಕೊಕ್ಕೆ ಮಾಡಿ ಸುಮ್ಮನೆ ಇಟ್ಟು, ಮೊಣಕೈಯನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ, ಬೆನ್ನಿನ ಎಳೆತಕ್ಕೆ ಟ್ರಿಗರ್ ತಾನಾಗಿ ಬಿಡಲಿ. ನಾಲ್ಕೈದು ಮೀಟರಿನಿಂದ ದೊಡ್ಡ ಬೇಲ್‌ಗೆ, ಮುಖ ಇಲ್ಲದೆ. ದಿನಕ್ಕೆ ಸ್ವಲ್ಪ, ಕೆಲವು ವಾರ. ಆಮೇಲೆ ದೊಡ್ಡ ಮುಖ ಹತ್ತಿರದಲ್ಲಿ, ಹಂತಹಂತವಾಗಿ ದೂರ. ಬೋರ್ ಹೊಡೆಯುತ್ತದೆ, ನಿಜ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಎರಡು ವಾರ ಇದೆ ಅನ್ನುವಾಗ ಇದನ್ನು ಶುರು ಮಾಡಬೇಡಿ. ಇಷ್ಟಾದ ಮೇಲೂ ಬಗ್ಗದಿದ್ದರೆ ಕೋಚ್ ಕಣ್ಣೆದುರಿಗೆ ಹಿಂಜ್ ಅಥವಾ ಟೆನ್ಷನ್ ರಿಲೀಸ್ ಎರವಲು ಪಡೆದು ನೋಡಿ. ಒಬ್ಬರೇ ಇರುವಾಗ ಬೇಡ.

“ಬೆರಳು ಜೋಮು ಹಿಡಿಯುತ್ತೆ, ಭುಜ ನೋವು”

ಪಟ್ಟಿ ಬಿಗಿಯಾದರೆ ಜೋಮು. ಒಂದು ತೂತು ಸಡಿಲಿಸಿ. ಹಾಗೂ ಹೋಗದೆ ರಾತ್ರಿಯೂ ಜುಮುಗುಟ್ಟಿದರೆ ಡಾಕ್ಟರ್ ಹತ್ತಿರ ಹೋಗಿ. ಭುಜ, ಮೊಣಕೈ ನೋವು ಸಾಮಾನ್ಯವಾಗಿ ರಿಲೀಸ್‌ದಲ್ಲ, ಬಿಲ್ಲಿನ ತೂಕ ಜಾಸ್ತಿ ಆದದ್ದು. ವಿಶ್ವ ಆರ್ಚರಿ ನಿಯಮದಲ್ಲಿ ಕಾಂಪೌಂಡ್‌ಗೆ 60 ಪೌಂಡ್ ಮಿತಿ. ಅದು ಮಿತಿಯೇ ಹೊರತು ಎಲ್ಲರೂ ಮುಟ್ಟಬೇಕಾದ ಗುರಿಯಲ್ಲ. ಕೈಗೇ ತೊಂದರೆ ಇದ್ದರೂ ದಾರಿ ಮುಚ್ಚಿಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದ ಶೀತಲ್ ದೇವಿ ಬಿಲ್ಲನ್ನು ಕಾಲಲ್ಲಿ ಹಿಡಿಯುತ್ತಾರೆ, ಅವರ ರಿಲೀಸ್ ಭುಜಕ್ಕೆ ಕಟ್ಟಿರುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಸದೇ ಬೇಕು ಅಂದ್ರೆ

ಶೂಟಿಂಗ್ ಶುರು ಮಾಡಿ ಇನ್ನೂ ವರ್ಷ ಆಗಿಲ್ಲದವರಿಗೆ ಬಕಲ್ ಪಟ್ಟಿಯ, ತೆರೆದ ಹುಕ್‌ನ, ಉದ್ದ ಮತ್ತು ಟ್ರಿಗರ್ ಭಾರ ಎರಡನ್ನೂ ಬದಲಿಸಬಹುದಾದ ತೋರುಬೆರಳಿನ ರಿಲೀಸ್ ಸಾಕು. ಡಬ್ಬಿಯ ಮೇಲೆ ಹಂಟಿಂಗ್ ಅಂತ ಇದ್ದರೆ ಇರಲಿ. 50 ಮೀಟರ್ ಗಂಭೀರವಾಗಿ ತಗೊಂಡವರಿಗೆ ನನ್ನ ಓಟು ಥಂಬ್ ಬಟನ್‌ಗೆ. ಕೈಯಲ್ಲಿ ಹಿಡಿಯುವುದರಿಂದ ದವಡೆಯ ಮೇಲೆ ಆಂಕರ್ ಗಟ್ಟಿಯಾಗಿ ಕೂರುತ್ತದೆ, ಹಿಂಜ್‌ನಷ್ಟು ಹೆದರಿಸುವುದೂ ಇಲ್ಲ. ಹೆಬ್ಬೆರಳಿನ ಬುಡಕ್ಕೆ ಬಟನ್ ತಾಗುವ ಹಾಗೆ ಅದನ್ನು ಸರಿಸಲು ಬರುತ್ತದೆಯಾ ನೋಡಿ. ಎಲೆಕ್ಟ್ರಾನಿಕ್ ಏನಾದರೂ ಇದ್ದರೆ ಪಂದ್ಯದಲ್ಲಿ ನಡೆಯುವುದಿಲ್ಲ.

ಅಳತೆ ನೋಡದೆ ಆನ್‌ಲೈನಿನಲ್ಲಿ ತರಿಸಬೇಡಿ. ಮೂರು ಬೆರಳಿನದ್ದೋ ನಾಲ್ಕು ಬೆರಳಿನದ್ದೋ, ಸಣ್ಣ ಕೈಗೋ ದೊಡ್ಡ ಕೈಗೋ ಅನ್ನುವುದು ಹಿಡಿದಾಗಲೇ ಗೊತ್ತಾಗುವುದು. ಮೈದಾನದಲ್ಲಿ ಹಿರಿಯರ ರಿಲೀಸ್ ಕೇಳಿ, ಅವರ ಎದುರೇ ಮೊದಲು ನಿಮ್ಮ ಹಗ್ಗಕ್ಕೆ ಸಿಕ್ಕಿಸಿ ನೋಡಿ. ಕೊಂಡ ಮೇಲೆ ಆಂಕರ್ ಬದಲಾಗುತ್ತದೆ, ಹಾಗಾಗಿ ಪೀಪ್ ಎತ್ತರ, ಸೈಟ್ ಗುರುತು ಎಲ್ಲ ಮತ್ತೆ ಹೊಂದಿಸಬೇಕು. ಪೀಪ್ ಸರಿಸಲು ಬಿಲ್ಲನ್ನು ಪ್ರೆಸ್‌ಗೆ (ಲಿಂಬ್ ಒತ್ತಿ ಸ್ಟ್ರಿಂಗ್ ಸಡಿಲಿಸುವ ಯಂತ್ರ) ಹಾಕಬೇಕು. ಪ್ರೆಸ್ ಇಲ್ಲದೆ ಮನೆಯಲ್ಲಿ ಸ್ಟ್ರಿಂಗ್ ಬಿಚ್ಚಲು ಹೋಗಬೇಡಿ, ಕ್ಲಬ್ಬಿನ ಟೆಕ್ನಿಷಿಯನ್ ಹತ್ತಿರ ಕೊಂಡೊಯ್ಯಿರಿ. ತಪ್ಪಿ ಒಂದು ಸಲವಾದರೂ ಬಾಣವಿಲ್ಲದೆ ಬಿಟ್ಟಿದ್ದ ಬಿಲ್ಲಾದರೆ ಅದನ್ನೂ ಅವರಿಗೆ ಹೇಳಿ, ಲಿಂಬ್ ಮತ್ತು ಕ್ಯಾಮ್ ನೋಡದೆ ಅವರು ಎಳೆಯದಿರಲಿ.